ಹಳೇ ಪಿಕಪ್ ಲಿಫ್ಟ್ ಮಾಡ್ಸೋ ಮೊದ್ಲು ಅದ್ರ ಕೆಳಗೆ ಒಂದ್ಸಲ ಮಲ್ಗಿ ನೋಡಿ

ಸುಂಟಿಕೊಪ್ಪದಿಂದ ಮಾದಾಪುರ ಕಡೆ ಹೋಗೋ ರೋಡಲ್ಲಿ ನಡುವೆ ಒಂದ್ಕಡೆ ಎಡಕ್ಕೆ ಇಳಿದ್ರೆ ಒಂದೂವರೆ ಕಿಲೋಮೀಟರ್ ಒಳಗೆ ನಮ್ಮ ತೋಟ. ಬೇಸಿಗೇಲಿ ಆ ದಾರೀಲಿ ಆಲ್ಟೋ ಕೂಡ ಬರುತ್ತೆ, ನೆಂಟ್ರು ಬಂದು ಏನ್ ಚಂದ ರೋಡು ಅಂತಾರೆ. ಜೂನಲ್ಲಿ ಮಳೆ ಹಿಡ್ಕೊಂಡ ಮೇಲೆ ಬನ್ನಿ ನೋಡೋಣ. ಚಕ್ರ ಹೋಗೋ ಎರಡು ಜಾಡು ಆಳ ಆಗ್ತಾ ಹೋಗುತ್ತೆ, ಮಧ್ಯದಲ್ಲಿ ಮಣ್ಣಿನ ಏರಿ ಹಂಗೇ ನಿಲ್ಲುತ್ತೆ, ಜುಲೈ-ಆಗಸ್ಟಿನ ಕಕ್ಕಡ ತಿಂಗಳು ಬರೋ ಹೊತ್ತಿಗೆ ಆ ಏರಿ ಮೇಲೆ ಗಾಡಿ ಹೊಟ್ಟೆ ಕೂತ್ಕೊಂಡು ನಾಲ್ಕು ಚಕ್ರನೂ ಗಾಳೀಲಿ ತಿರುಗೋ ಥರ ತಿರುಗ್ತಾ ಇರುತ್ತೆ, ಆಮೇಲೆ ಲೈನ್ ಮನೆ ಅಂದ್ರೆ ಆಳುಗಳ ಸಾಲುಮನೆಯಿಂದ ಜನ ಕರ್ಸಿ ನೂಕ್ಸೋದು, ಆಗ್ದಿದ್ರೆ ಪಕ್ಕದ ತೋಟದ ಟ್ರ್ಯಾಕ್ಟರ್.

ಇಂಥಾ ದಾರಿಗೆ ಅಂತ ಒಂದು ಡಬಲ್ ಕ್ಯಾಬ್ ಪಿಕಪ್ ತಗೊಂಡೆ, ಮೂರನೇ ಓನರ್ ನಾನು. ಕಂಪನಿ ಹೆಸ್ರು ಬೇಡ, ಹೇಳಿದ್ರೆ ಆ ಕಂಪನಿ ಅಭಿಮಾನಿಗಳು ಒಂದ್ಕಡೆ ವಿರೋಧಿಗಳು ಒಂದ್ಕಡೆ ನಿಂತು ವಿಷ್ಯ ಎಲ್ಲೋ ಹೋಗುತ್ತೆ. ಹಿಂದೆ ಪ್ಲೇಟ್ ಅಂದ್ರೆ ಉಕ್ಕಿನ ಪಟ್ಟಿಗಳನ್ನ ಒಂದ್ರ ಮೇಲೊಂದು ಜೋಡ್ಸಿದ ಲೀಫ್ ಸ್ಪ್ರಿಂಗ್, ಮುಂದೆ ಟಾರ್ಷನ್ ಬಾರ್ (ಅದೇನು ಅಂತ ಆಮೇಲೆ ಹೇಳ್ತೀನಿ), 215/75 ಆರ್ 15 ಟೈರು. ಮಾಂದಲ್‌ಪಟ್ಟಿಗೆ ಟೂರಿಸ್ಟ್ ಕರ್ಕೊಂಡು ಹೋಗೋ ಜೀಪುಗಳನ್ನ ನೋಡಿ ನೋಡಿ ನಂಗೂ ಆಸೆ, ಗಾಡಿ ಹಂಗೆ ಎದ್ದು ನಿಲ್ಬೇಕು ಅಂತ, ಅದಕ್ಕೇ ಲಿಫ್ಟ್ ಮಾಡ್ಸೋದು ಅನ್ನೋದು. ಕೈಯಲ್ಲಿ ಇದ್ದಿದ್ದು 25 ಸಾವಿರ. ಆಸ್ಟ್ರೇಲಿಯಾ ಬ್ರ್ಯಾಂಡ್‌ಗಳ ರೆಡಿ ಕಿಟ್ ವಿಚಾರ್ಸಿದ್ರೆ ಲಕ್ಷದ ಮೇಲಿನ ಮಾತು. ಹಂಗಾಗಿ ಅರ್ಧ ದಿನದಲ್ಲಿ ಮಾಡ್ಕೊಡ್ತೀವಿ ಅಂದ ಒಂದು ಗ್ಯಾರೇಜಿಗೆ ಬಿಟ್ಟೆ, 4 ಸಾವಿರ ತಗೊಂಡು ಹಿಂದಿನ ಪ್ಲೇಟ್ ಕೆಳಗೆ 3 ಇಂಚಿನ ಕಬ್ಬಿಣದ ಬ್ಲಾಕ್ ಇಟ್ಟು ಕಳ್ಸಿದ್ರು. ನೋಡೋಕೆ ಹಿಂಭಾಗ ಎದ್ದು ಮೂಗು ಕೆಳಗೆ ಹಾಕಿದ ಹಂದಿ ಥರ ಇತ್ತು, ಅದೂ ಪರ್ವಾಗಿಲ್ಲ ಅಂದ್ಕೊಂಡೆ. ಮೊದಲ್ನೇ ಮಳೆಗೆ ಅದೇ ಏರಿ, ಅದೇ ಜಾಗ, ಗಾಡಿ ಮತ್ತೆ ಕೂತ್ಕೊಂಡ್ತು.

ಯಾಕೆ ಅಂತ ಅರ್ಥ ಆಗಿದ್ದು ಕುಶಾಲನಗರದ ಒಬ್ರು ಪ್ಲೇಟ್ ಕೆಲ್ಸದ ಮೇಸ್ತ್ರಿ ಹತ್ರ ಹೋದಾಗ. ವಯಸ್ಸು ಅರವತ್ತರ ಮೇಲೆ. ಗಾಡಿ ಸುತ್ತ ಒಂದು ಸುತ್ತು ಬಂದು ಕೇಳಿದ್ದು ಒಂದೇ, "ಎತ್ರ ಯಾವ್ದಕ್ಕೆ ಬೇಕು ಸಾರ್, ನೋಡೋಕಾ ಹೋಗೋಕಾ?"

"ಹೋಗೋಕೆ ಮೇಸ್ತ್ರಿ."

"ಹಂಗಾದ್ರೆ ಕೆಳಗೆ ಬನ್ನಿ" ಅಂತ ಒಂದು ಗೋಣಿಚೀಲ ಹಾಸಿ ನನ್ನನ್ನೂ ಗಾಡಿ ಕೆಳಗೆ ಮಲಗಿಸಿಬಿಟ್ರು.

ಗಾಡಿ ಕೆಳಗಿಂದ ನೋಡಿದ್ರೆ ಹಿಂದೆ ಎರಡು ಚಕ್ರದ ನಡುವೆ ಅಡ್ಡಕ್ಕೆ ಒಂದು ಉಕ್ಕಿನ ಕೊಳವೆ, ಅದ್ರ ಮಧ್ಯೆ ಒಂದು ದೊಡ್ಡ ಉಂಡೆ, ಅದೇ ಹೌಸಿಂಗು, ಒಳಗೆ ಎಂಜಿನ್ ಶಕ್ತಿನ ಎರಡು ಚಕ್ರಕ್ಕೆ ಹಂಚೋ ಗೇರು, ಅಂದ್ರೆ ಡಿಫರೆನ್ಷಿಯಲ್ ಇರೋದು. ನೆಲಕ್ಕೆ ಅತೀ ಹತ್ರ ಇರೋದು ಅದೇ ಉಂಡೆ. ಏರಿಗೆ ಉಜ್ಜಿ ಬೆಳ್ಳಗೆ ಹೊಳೀತಾ ಇದ್ದಿದ್ದೂ ಅದೇ. ಈಗ ಯೋಚ್ನೆ ಮಾಡಿ, ಹೌಸಿಂಗ್ ನಿಂತಿರೋದು ಚಕ್ರದ ಮೇಲೆ. ಪ್ಲೇಟ್ ಇರೋದು ಹೌಸಿಂಗ್‌ಗೂ ಚಾಸಿಗೂ, ಅಂದ್ರೆ ಗಾಡಿ ಅಡಿಯ ಉಕ್ಕಿನ ಚೌಕಟ್ಟಿಗೂ ನಡುವೆ. ಪ್ಲೇಟಿಗೆ ನೀವು ಏನೇ ಮಾಡಿ, ಬ್ಲಾಕ್ ಇಡಿ, ಬಾಗ್ಸಿ, ಇನ್ನೊಂದು ಪ್ಲೇಟ್ ಸೇರ್ಸಿ, ಮೇಲೆ ಹೋಗೋದು ಚಾಸಿ ಮತ್ತೆ ಬಾಡಿ. ಹೌಸಿಂಗ್ ಉಂಡೆ ಇದ್ದಲ್ಲೇ ಇರುತ್ತೆ, ಒಂದು ನೂಲಿನಷ್ಟೂ ಏಳಲ್ಲ. ನನ್ನ 4 ಸಾವಿರ ಹೋಗಿದ್ದು ಹಿಂಗೆ.

ಹೌಸಿಂಗ್ ಏಳ್ಬೇಕು ಅಂದ್ರೆ ನಮ್ಮಂಥವ್ರಿಗೆ ಇರೋ ದಾರಿ ಒಂದೇ, ಟೈರ್ ದೊಡ್ಡದು ಮಾಡೋದು. ಅದ್ರಲ್ಲೂ ಟೈರ್ ಎಷ್ಟು ದೊಡ್ಡದಾಯ್ತೋ ಅದ್ರ ಅರ್ಧ ಮಾತ್ರ ಸಿಗೋದು, ಯಾಕಂದ್ರೆ ಆಕ್ಸಲ್ ಇರೋದು ಚಕ್ರದ ನಡುಮಧ್ಯೆ. ಲೆಕ್ಕ ಹಾಕೋದು ಸುಲಭ. 215/75 ಆರ್ 15 ಅಂದ್ರೆ ಟೈರ್ ಅಗಲ 215 ಮಿ.ಮೀ, ಸೈಡ್ ಗೋಡೆ ಎತ್ತರ ಆ ಅಗಲದ 75 ಪರ್ಸೆಂಟು ಅಂದ್ರೆ ಸುಮಾರು 161, ಡಿಸ್ಕ್ 15 ಇಂಚು ಅಂದ್ರೆ 381. ಮೇಲೊಂದು ಕೆಳಗೊಂದು ಗೋಡೆ ಸೇರ್ಸಿದ್ರೆ ಒಟ್ಟು ಹತ್ರ ಹತ್ರ 703. ಅದೇ 235/75 ಆರ್ 15 ಹಾಕಿದ್ರೆ 733. ವ್ಯತ್ಯಾಸ 30 ಮಿ.ಮೀ, ಹೌಸಿಂಗ್ ಏಳೋದು 15. ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಕೇಳೋಕೆ ಏನೂ ಅಲ್ಲ ಅನ್ಸುತ್ತೆ ಆದ್ರೆ ಆ ಏರಿ ಮೇಲೆ ಸಿಕ್ಕಾಕ್ಕೊಂಡಿದ್ದವ್ರಿಗೆ ಅರ್ಧ ಇಂಚಿನ ಬೆಲೆ ಗೊತ್ತು. ಇದಕ್ಕೆ ಕೊಡ್ಬೇಕಾದ ಬೆಲೆನೂ ಇದೆ, ಟೈರ್ 4 ಪರ್ಸೆಂಟ್ ದೊಡ್ಡದಾದ್ರೆ ಮೀಟರ್ 60 ತೋರ್ಸುವಾಗ ಗಾಡಿ ಓಡ್ತಿರೋದು 62ರ ಮೇಲೆ, ಗೇರ್ ಅಷ್ಟೇ ಭಾರ ಆಗುತ್ತೆ, ಲೋಡ್ ಹಾಕಿ ಏರು ಹತ್ತುವಾಗ ಮೂರನೇ ಗೇರಲ್ಲಿ ಹೋಗ್ತಿದ್ದಿದ್ದು ಎರಡಕ್ಕೆ ಇಳಿಬೇಕಾಗುತ್ತೆ. ಇನ್ನೂ ದೊಡ್ಡದು ಹಾಕ್ತೀನಿ ಅಂದ್ರೆ ಸ್ಟೀರಿಂಗ್ ಪೂರ್ತಿ ತಿರುಗ್ಸಿದಾಗ ಮಡ್‌ಗಾರ್ಡಿಗೆ ತಾಗುತ್ತೆ, ಆಗ್ಲೇ ಸಸ್ಪೆನ್ಷನ್ ಲಿಫ್ಟ್ ಅನ್ನೋದು ನಿಜವಾಗಿ ಬೇಕಾಗೋದು, ದೊಡ್ಡ ಟೈರಿಗೆ ಜಾಗ ಮಾಡೋಕೆ.

ಹಂಗಂತ ಚಾಸಿ ಎತ್ತೋದು ದಂಡ ಅಂತಲ್ಲ. ಬಂಪರ್ ಮೂತಿ, ಫುಟ್‌ಬೋರ್ಡ್, ಡೀಸೆಲ್ ಟ್ಯಾಂಕು, ಗೇರ್ ಬಾಕ್ಸ್ ಅಡಿ ಇರೋ ಅಡ್ಡಪಟ್ಟಿ, ಇವೆಲ್ಲ ಚಾಸಿ ಜೊತೆ ಏಳುತ್ತೆ. ಮೋರಿ ಹತ್ರ ತೋಡಿಗೆ ಇಳಿದು ಹತ್ತುವಾಗ ಮುಂದಿನ ಬಂಪರ್ ಗುದ್ದೋದು, ದಿಬ್ಬದ ತುದೀಲಿ ಹೊಟ್ಟೆ ತಾಗೋದು ಇಂಥಾದ್ದಕ್ಕೆ ಸಹಾಯ ಆಗುತ್ತೆ. ಹಂಗಾಗಿ ಮೊದ್ಲು ನಿಮ್ಮ ಗಾಡಿ ಎಲ್ಲೆಲ್ಲಿ ಉಜ್ಜಿದೆ ನೋಡಿ. ಬಣ್ಣ ಹೋಗಿ ಕಬ್ಬಿಣ ಹೊಳೀತಿರೋ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗುರುತು ಹೌಸಿಂಗ್ ಮೇಲೆ ಇದ್ರೆ ದುಡ್ಡು ಟೈರಿಗೆ, ಚಾಸಿ ಮೇಲೆ ಇದ್ರೆ ಸಸ್ಪೆನ್ಷನ್‌ಗೆ.

ಮೇಸ್ತ್ರಿ ಹೇಳಿದ ಎರಡನೇ ಮಾತು ಇನ್ನೂ ದೊಡ್ಡದು. ಹಳೇ ಗಾಡಿ ಎತ್ತರ ಕಮ್ಮಿ ಅಂತ ನಾವು ಅಂದ್ಕೊಳ್ತೀವಿ, ಅದು ಹುಟ್ಟುತ್ತಾ ಕಮ್ಮಿ ಇರ್ಲಿಲ್ಲ. ಹತ್ತು ವರ್ಷ ಕಾಫಿ ಚೆರ್ರಿ ಮೂಟೆ, ಗೊಬ್ಬರ, ಸಿಲ್ವರ್ ಓಕ್ ದಿಮ್ಮಿ ಹೊತ್ತು ಹೊತ್ತು ಪ್ಲೇಟ್ ಬಾಗು ಹೋಗಿ ನೆಟ್ಟಗಾಗಿರುತ್ತೆ. ಆ ಕಳ್ಕೊಂಡ ಎತ್ತರ ವಾಪಸ್ ತರೋದೇ ಅತೀ ಕಮ್ಮಿ ಖರ್ಚಿನ ಲಿಫ್ಟು, ಅದಕ್ಕೆ ಬ್ರೇಕೂ ಶಾಫ್ಟೂ ಏನೂ ಕೆಡಲ್ಲ, ಕಾನೂನೂ ಏನೂ ಅನ್ನಲ್ಲ, ಯಾಕಂದ್ರೆ ಕಂಪನಿ ಮಾಡಿದ ಹಂಗೇ ತಾನೇ ಮಾಡ್ತಿರೋದು.

ಎಷ್ಟು ಕುಸ್ದಿದೆ ಅಂತ ತಿಳ್ಕೊಳ್ಳೋಕೆ ನೆಲದಿಂದ ಅಳೀಬೇಡಿ, ಅದ್ರಲ್ಲಿ ಟೈರ್ ಸವೆತ, ಗಾಳಿ ಎಲ್ಲ ಸೇರ್ಕೊಳ್ಳುತ್ತೆ. ಚಕ್ರದ ನಡು, ಹಬ್ ಇರೋ ಜಾಗದಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡೀರಿ. ನಾಲ್ಕೂ ಕಡೆ ಬರ್ಕೊಳ್ಳಿ. ಅದೇ ಮಾಡೆಲ್ಲಿನ ಕಮ್ಮಿ ಓಡಿದ ಗಾಡಿ ಯಾರ ಹತ್ರನಾದ್ರೂ ಇದ್ರೆ ಅದನ್ನೂ ಅಳೀರಿ, ಎರಡೂ ಖಾಲಿ ಇರ್ಬೇಕು, ಸಮ ನೆಲ ಇರ್ಬೇಕು, ಕಣದಲ್ಲಿ ನಿಲ್ಸಿದ್ರೆ ಒಳ್ಳೇದು. ಮೇಸ್ತ್ರಿ ಬ್ಲಾಕ್ ತೆಗ್ದು ಅಳ್ದಾಗ ನನ್ನ ಗಾಡಿ ಹಿಂದೆ ಎಡಕ್ಕೆ 455 ಮಿ.ಮೀ, ಬಲಕ್ಕೆ 470. ಸೋಮವಾರಪೇಟೆಯ ಫ್ರೆಂಡ್ ಒಬ್ಬನದ್ದು ಅದೇ ಮಾಡೆಲ್ಲು, 505 ಇತ್ತು. ಅಂದ್ರೆ ಒಂದ್ಕಡೆ ಎರಡು ಇಂಚೇ ಹೋಗಿತ್ತು. ನಾನು ಬ್ಲಾಕ್ ಹಾಕ್ಸಿ ಎತ್ತಿದ್ದೀನಿ ಅಂತ ಬೀಗ್ತಾ ಇದ್ದಿದ್ದು ಅರ್ಧಕ್ಕರ್ಧ ಬರೀ ಕುಸಿದಿದ್ದನ್ನ ಮುಚ್ಚಿಹಾಕಿದ್ದು.

ಈಗ ಹಿಂದಿನ ಪ್ಲೇಟಿಗೆ ಏನೇನು ಮಾಡ್ಬೋದು ಅಂತ ನೋಡೋಣ, ಬಡವರ ಲಿಫ್ಟ್ ಎಲ್ಲ ನಡಿಯೋದು ಇಲ್ಲೇ. ಮೊದಲ್ನೇದು ಮತ್ತೆ ಬಾಗು ಕೊಡ್ಸೋದು, ಅಂಗಡೀಲಿ ಕ್ಯಾಂಬರ್ ಹಾಕೋದು ಅಂತಾರೆ. ಸೆಟ್ ಬಿಚ್ಚಿ ಒಂದೊಂದೇ ಪ್ಲೇಟ್ ಬಡಿದು ಬಾಗ್ಸಿ ಮತ್ತೆ ಜೋಡ್ಸೋದು. ಇಲ್ಲಿ ಕೇಳ್ಬೇಕಾದ ಪ್ರಶ್ನೆ, ಬೆಂಕೀಲಿ ಕಾಯ್ಸಿ ಬಾಗ್ಸ್ತೀರಾ ಅಂತ. ಸ್ಪ್ರಿಂಗ್ ಉಕ್ಕಿಗೆ ಆ ಪುಟಿಯೋ ಗುಣ ಬಂದಿರೋದೇ ಕಾಯ್ಸಿ, ಎಣ್ಣೇಲಿ ಅದ್ದಿ, ಮತ್ತೆ ಹದವಾಗಿ ಕಾಯ್ಸಿ ಹದ ಕೊಟ್ಟಿರೋದ್ರಿಂದ. ಗ್ಯಾಸ್ ಟಾರ್ಚ್ ಹಿಡಿದು ಒಂದು ಜಾಗ ಕೆಂಪಗೆ ಮಾಡಿ ಬಗ್ಸಿ ಹಂಗೇ ಆರೋಕೆ ಬಿಟ್ರೆ ಆ ಜಾಗದ ಹದ ಹೋಯ್ತು, ಮೂರು ತಿಂಗಳಲ್ಲಿ ಮತ್ತೆ ಕುಸಿಯುತ್ತೆ, ಇಲ್ಲಾಂದ್ರೆ ಅಲ್ಲೇ ಬಿರುಕು ಬಿಡುತ್ತೆ. ಪೂರ್ತಿ ಪ್ಲೇಟ್ ಕಾಯ್ಸಿ ಸರಿಯಾಗಿ ಹದ ಕೊಡೋ ವ್ಯವಸ್ಥೆ ಇರೋ ಅಂಗಡಿ, ಇಲ್ಲಾ ತಣ್ಣಗೇ ಬಡಿದು ಬಾಗ್ಸೋ ಕೈ ಪಳಗಿದ ಮೇಸ್ತ್ರಿ, ಈ ಎರಡ್ರಲ್ಲಿ ಒಂದು ಹುಡುಕಿ. ಬಿಚ್ಚಿದಾಗ ಪ್ರತಿ ಪ್ಲೇಟನ್ನೂ ಡೀಸೆಲಲ್ಲಿ ಒರೆಸಿ ಬಿರುಕು ನೋಡಿ, ಮುಖ್ಯವಾಗಿ ಪ್ಲೇಟುಗಳನ್ನ ನಡುವೆ ಒಟ್ಟಿಗೆ ಹಿಡಿದಿರೋ ಸೆಂಟರ್ ಬೋಲ್ಟ್ ತೂತಿನ ಸುತ್ತ. ನಂದ್ರಲ್ಲಿ ಒಂದು ಮೇನ್ ಪ್ಲೇಟ್ ಅಲ್ಲೇ ಸೀಳಿತ್ತು.

ಎರಡನೇದು ಒಂದು ಪ್ಲೇಟ್ ಜಾಸ್ತಿ ಹಾಕೋದು. ಎತ್ತರನೂ ಬರುತ್ತೆ, ಭಾರ ಹೊರೋ ಶಕ್ತಿನೂ ಬರುತ್ತೆ, ಆದ್ರೆ ಖಾಲಿ ಗಾಡಿ ಎತ್ತಿನಗಾಡಿ ಥರ ಎಗರುತ್ತೆ, ಹಿಂದಿನ ಸೀಟಲ್ಲಿ ಕೂತವ್ರು ಎರಡನೇ ಸಲ ಬರಲ್ಲ. ಇನ್ನೊಂದು ತೊಂದ್ರೆ, ಗಟ್ಟಿ ಪ್ಲೇಟ್ ಗುಂಡಿಗೆ ತಕ್ಕ ಹಾಗೆ ಇಳಿದು ಏಳಲ್ಲ, ಕೆಸರಲ್ಲಿ ಒಂದು ಚಕ್ರ ನೆಲ ಬಿಟ್ಟುಬಿಡುತ್ತೆ, ಡಿಫರೆನ್ಷಿಯಲ್ ಇದ್ದಬದ್ದ ಶಕ್ತಿ ಎಲ್ಲ ಆ ಗಾಳೀಲಿರೋ ಚಕ್ರಕ್ಕೇ ಕೊಟ್ಟು ನೀವು ನಿಂತಲ್ಲೇ ನಿಲ್ತೀರಿ. ದಿನಾ ಲೋಡ್ ಹೊಡಿಯೋರಿಗೆ ಸರಿ, ನನ್ನಂಥವ್ರಿಗೆ ಬೇಡ.

ಮೂರನೇದು ಉದ್ದ ಶ್ಯಾಕಲ್. ಪ್ಲೇಟಿನ ಒಂದು ತುದಿ ಚಾಸಿಗೆ ಪಿನ್ ಹೊಡೆದು ಕೂತಿರುತ್ತೆ, ಇನ್ನೊಂದು ತುದಿ ಉಯ್ಯಾಲೆ ಥರ ಶ್ಯಾಕಲಲ್ಲಿ ನೇತಾಡುತ್ತೆ, ಹೌಸಿಂಗ್ ಇರೋದು ಹೆಚ್ಚುಕಮ್ಮಿ ನಡುವೆ. ಹಂಗಾಗಿ ಶ್ಯಾಕಲ್ 2 ಇಂಚು ಉದ್ದ ಮಾಡಿದ್ರೆ ಗಾಡಿ ಏಳೋದು 1 ಇಂಚು. ಅಗ್ಗ, ಬೇಗ ಆಗುತ್ತೆ, ಆದ್ರೆ ಉದ್ದ ಜಾಸ್ತಿ ಆದಷ್ಟು ಗಾಡಿ ಅಡ್ಡಡ್ಡ ಓಲಾಡುತ್ತೆ. ಹಿಂದಿನ ಓನರ್ ಯಾರೋ ನನ್ನ ಗಾಡಿ ಶ್ಯಾಕಲನ್ನ ಕಟ್ ಮಾಡಿ ಪಟ್ಟಿ ಇಟ್ಟು ವೆಲ್ಡ್ ಮಾಡ್ಸಿದ್ದ, ಬಣ್ಣ ಬಳಿದು ಮುಚ್ಚಿದ್ದ. ಅದನ್ನ ನೋಡಿ ಮೇಸ್ತ್ರಿ ಏನೂ ಮಾತಾಡ್ಲಿಲ್ಲ, ಸುತ್ತಿಗೆ ತಗೊಂಡು ನಾಲ್ಕು ಏಟು ಹಾಕಿದ್ರು, ಜಾಯಿಂಟ್ ಬಿಟ್ಕೊಂಡು ಕೈಗೆ ಬಂತು. ಅದ್ರ ಮೇಲೆ ನಾನು ಮಡಿಕೇರಿಗೆ ಹೆಂಡ್ತಿ ಮಕ್ಕಳನ್ನ ಎಷ್ಟು ಸಲ ಕರ್ಕೊಂಡು ಹೋಗಿದ್ದೆ ಅಂತ ಲೆಕ್ಕ ಹಾಕೋಕೆ ಹೋಗ್ಲಿಲ್ಲ.

ನಾಲ್ಕನೇದು ಬ್ಲಾಕು, ನನ್ನ ದಡ್ಡತನ. ಪ್ಲೇಟ್ ಸೆಟ್ಟು ಹೌಸಿಂಗ್ ಮೇಲೆ ಕೂತಿರೋ ಗಾಡಿಗಳಲ್ಲಿ ಅದೆರಡ್ರ ನಡುವೆ ತುಂಡು ಇಟ್ಟು ಉದ್ದದ ಯು ಬೋಲ್ಟ್ ಹಾಕಿ ಬಿಗಿಯೋದು. ಬ್ಲಾಕ್ ಎಷ್ಟು ಎತ್ತರನೋ ಗಾಡಿ ಅಷ್ಟೂ ಏಳುತ್ತೆ, ಅದಕ್ಕೇ ಎಲ್ರಿಗೂ ಇಷ್ಟ. ಆದ್ರೆ ಒಂದನೇ ಗೇರಲ್ಲಿ ಏರು ಎಳೆಯುವಾಗ, ಇಳಿಜಾರಲ್ಲಿ ಬ್ರೇಕ್ ಒತ್ತುವಾಗ ಹೌಸಿಂಗ್ ತನ್ನಷ್ಟಕ್ಕೆ ತಿರುಗೋಕೆ ನೋಡುತ್ತೆ, ಅದನ್ನ ತಡಿಯೋದು ಪ್ಲೇಟು. ನಡುವೆ ಬ್ಲಾಕ್ ಇಟ್ರೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ತಿರುಗ್ಸಿದ ಹಾಗೆ, ಅದೇ ಬಲ ಪ್ಲೇಟನ್ನ ಹಾವಿನ ಥರ ಎರಡು ಕಡೆ ಬಗ್ಗಿಸುತ್ತೆ. ಕುಸಿದು ಸೋತಿರೋ ಪ್ಲೇಟ್ ಮೇಲೆ ಬ್ಲಾಕ್ ಇಡೋದು ಇನ್ನೂ ಕೆಟ್ಟದ್ದು. ಒಂದಿಂಚು, ಜಾಸ್ತಿ ಅಂದ್ರೆ ಒಂದೂವರೆ, ಅದೂ ಹಿಂದೆ ಮಾತ್ರ, ಒಂದೇ ತುಂಡು, ಮೇಲೆ ಸೆಂಟರ್ ಬೋಲ್ಟ್ ತಲೆ ಕೂರೋಕೆ ಗುಳಿ, ಕೆಳಗೆ ಹೌಸಿಂಗ್ ತೂತಿಗೆ ಕೂರೋ ಗೂಟ ಇರ್ಬೇಕು. ಒಂದ್ರ ಮೇಲೊಂದು ಪೇರ್ಸಬಾರ್ದು. ಸ್ಟೀರಿಂಗ್ ಇರೋ ಮುಂದಿನ ಆಕ್ಸಲ್ಲಿಗೆ ಬ್ಲಾಕ್ ಮಾತೇ ಎತ್ತಬೇಡಿ. ಹಲಸಿನ ಮರದ ತುಂಡು ಇಟ್ಟಿರೋ ಗಾಡಿನೂ ನೋಡಿದೀನಿ, ಓನರ್ ಅದನ್ನ ಹೆಮ್ಮೆಯಿಂದ ತೋರಿಸ್ದ.

ಹಳೇ 540 ಜೀಪ್ ಇಟ್ಕೊಂಡವ್ರು ಕೇಳ್ತಾರೆ, ನಮ್ದರಲ್ಲಿ ಪ್ಲೇಟ್ ಆಕ್ಸಲ್ ಕೆಳಗಿದೆ, ಅದನ್ನ ಮೇಲಕ್ಕೆ ಹಾಕ್ಸಿದ್ರೆ ಹೆಂಗೆ ಅಂತ. ಒಂದೇ ಏಟಿಗೆ ನಾಲ್ಕೈದು ಇಂಚು ಏಳುತ್ತೆ ನಿಜ, ಆದ್ರೆ ಸ್ಟೀರಿಂಗ್ ರಾಡ್, ಗೇರ್ ಬಾಕ್ಸಿಂದ ಹೌಸಿಂಗಿಗೆ ಶಕ್ತಿ ತರೋ ಪ್ರೊಪೆಲ್ಲರ್ ಶಾಫ್ಟ್ ಕೋನ, ಬ್ರೇಕ್ ಹೋಸ್ ಎಲ್ಲ ಹೊಸದಾಗಿ ಮಾಡ್ಬೇಕು. 25 ಸಾವಿರದ ಕೆಲ್ಸ ಅಲ್ಲ ಅದು.

ಮುಂದಿನ ಕಡೆಗೆ ಬನ್ನಿ. ಟಾರ್ಷನ್ ಬಾರ್ ಅಂದ್ರೆ ಉದ್ದಕ್ಕೆ ಮಲಗಿರೋ ಒಂದು ಉಕ್ಕಿನ ಸರಳು. ಒಂದು ತುದಿ ಚಕ್ರ ಹಿಡ್ಕೊಂಡಿರೋ ತೋಳಿಗೆ ಅಂದ್ರೆ ಆರ್ಮ್‌ಗೆ, ಇನ್ನೊಂದು ತುದಿ ಚಾಸಿಗೆ. ಚಕ್ರ ಮೇಲೆ ಬಂದಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಸರಳು ತಿರುಚಿಕೊಳ್ಳುತ್ತೆ, ಬಿಟ್ಟಾಗ ವಾಪಸ್ ಬರುತ್ತೆ, ಅದೇ ಸ್ಪ್ರಿಂಗು. ಚಾಸಿ ಕಡೆ ತುದೀಲಿ ಒಂದು ಅಡ್ಜಸ್ಟ್ ಬೋಲ್ಟ್ ಇರುತ್ತೆ, ಅದನ್ನ ಬಿಗಿ ಮಾಡಿದ್ರೆ ಮುಂಭಾಗ ಏಳುತ್ತೆ. ಪೈಸೆ ಖರ್ಚಿಲ್ಲ! ಅದಕ್ಕೇ ಎಲ್ರೂ ಪೂರ್ತಿ ಬಿಗಿದುಬಿಡ್ತಾರೆ. ಆದ್ರೆ ಇದ್ರಿಂದ ಸ್ಪ್ರಿಂಗ್ ಗಟ್ಟಿ ಆಗಲ್ಲ, ಚಕ್ರ ಮೇಲೆ ಕೆಳಗೆ ಆಡೋ ಒಟ್ಟು ದೂರನೂ ಜಾಸ್ತಿ ಆಗಲ್ಲ. ಇರೋ ಆಟದಲ್ಲೇ ಕೆಳಗಿನ ಪಾಲು ಕಿತ್ತು ಮೇಲಿನ ಪಾಲಿಗೆ ಕೊಡ್ತೀವಿ ಅಷ್ಟೇ. ಹಂಪ್ ಇಳಿಯುವಾಗ ಚಕ್ರಕ್ಕೆ ಕೆಳಗೆ ಇಳಿಯೋಕೆ ಜಾಗ ಇಲ್ದೆ ಡಗ್ ಅಂತ ಸದ್ದು ಬಂತಂದ್ರೆ ನೀವು ಜಾಸ್ತಿ ಬಿಗಿದಿದ್ದೀರಿ ಅಂತ. ಆರ್ಮನ್ನೂ ಚಕ್ರನೂ ಜೋಡ್ಸೋ ಬಾಲ್ ಜಾಯಿಂಟು ಓರೆಯಾಗಿ ಸವೆಯುತ್ತೆ, ಫೋರ್ ವೀಲ್ ಗಾಡಿ ಆದ್ರೆ ಮುಂದಿನ ಶಾಫ್ಟಿನ ರಬ್ಬರ್ ಬೂಟ್ ಹರಿಯುತ್ತೆ, ಒಳಗೆ ಕೆಸರು ಹೋದ್ರೆ ಆ ಜಾಯಿಂಟ್ ಕಥೆ ಮುಗೀತು. ಒಂದು ಇಂಚಿಗೆ ನಿಲ್ಸಿ. ಜಾಕ್ ಹಾಕಿ ಚಕ್ರ ನೇತಾಡೋಕೆ ಬಿಟ್ಟು ಆಮೇಲೆ ಬೋಲ್ಟ್ ತಿರುಗ್ಸಿ, ಭಾರ ಇದ್ದಾಗ ತಿರುಗ್ಸಿದ್ರೆ ಬೋಲ್ಟಿನ ಥ್ರೆಡ್ ಹೋಗುತ್ತೆ. ಎಷ್ಟು ಸುತ್ತು ಅಂತ ಬರ್ದಿಟ್ಕೊಳ್ಳಿ, ಇಳಿಸಿ ಸ್ವಲ್ಪ ದೂರ ಓಡ್ಸಿ ಬಂದು ಅಳೀರಿ, ನಿಂತಲ್ಲೇ ಅಳೆದ ಅಳತೆ ಸುಳ್ಳು.

ಕಾಯಿಲ್ ಸ್ಪ್ರಿಂಗ್ ಇರೋ ಗಾಡಿಗಳಿಗೆ ಸ್ಪೇಸರ್ ಅಂತ ಸಿಗುತ್ತೆ, ಶಾಕ್ ಅಬ್ಸಾರ್ಬರ್ ಮತ್ತೆ ಸ್ಪ್ರಿಂಗ್ ಒಟ್ಟಿಗಿರೋ ಸೆಟ್ ಮೇಲೆ ಇಡೋ ಬಿಲ್ಲೆ. ಇಲ್ಲೊಂದು ತಮಾಷೆ ಇದೆ, ಎಷ್ಟೋ ಗಾಡೀಲಿ 25 ಮಿ.ಮೀ ಬಿಲ್ಲೆ ಇಟ್ರೆ ಗಾಡಿ 25 ಅಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಏಳುತ್ತೆ. ಅಂಥಾ ಗಾಡೀಲಿ ಶಾಕ್ ಕೂತಿರೋದು ಆರ್ಮ್‌ನ ನಡುವೆ, ಚಕ್ರ ಇರೋದು ತುದೀಲಿ. ಏತದ ಥರ ನಡುವೆ ಸ್ವಲ್ಪ ಒತ್ತಿದ್ರೆ ತುದಿ ಜಾಸ್ತಿ ಇಳಿಯುತ್ತೆ. ಗೊತ್ತಿಲ್ದೆ 50ರ ಬಿಲ್ಲೆ ತಂದು ಇಟ್ಟವ್ರು ಆಮೇಲೆ ಅಲೈನ್‌ಮೆಂಟ್ ಕೂರಲ್ಲ ಅಂತ ಊರೆಲ್ಲ ಅಲೀತಾರೆ.

ಬಾಡಿ ಲಿಫ್ಟ್ ಬಗ್ಗೆ ಜಾಸ್ತಿ ಹೇಳಲ್ಲ. ಕ್ಯಾಬಿನ್ನಿಗೂ ಚಾಸಿಗೂ ನಡುವೆ ಬುಷ್ ಇಟ್ಟು ಬರೀ ಡಬ್ಬಿ ಎತ್ತೋದು. ಚಾಸಿ, ಟ್ಯಾಂಕು, ಹೌಸಿಂಗ್ ಎಲ್ಲ ಇದ್ದಲ್ಲೇ. ಮೇಸ್ತ್ರಿ ಭಾಷೇಲಿ ಅದು ನೋಡೋಕೆ ಮಾಡ್ಸೋದು.

ಎತ್ತಿದ ಮೇಲೆ ಜೊತೆಗೆ ಬರೋ ಕೆಲ್ಸಗಳು ಇವೆಯಲ್ಲ, ಅಗ್ಗದ ಲಿಫ್ಟ್ ಕೆಡೋದೆಲ್ಲ ಇಲ್ಲೇ. ಶಾಕ್ ಅಬ್ಸಾರ್ಬರ್ ಹಳೇದೇ ಇದ್ದು ಗಾಡಿ ಎತ್ತರ ಆದ್ರೆ ಚಕ್ರ ಪೂರ್ತಿ ಇಳಿದಾಗ ಶಾಕ್ ಮೈ ಚಾಚಿ ಕೊನೇಗೆ ಬಂದು ನಿಲ್ಲುತ್ತೆ, ಹಂಗೇ ನಾಲ್ಕು ಸಲ ಜಗ್ಗಿದ್ರೆ ಒಳಗೆ ಕಿತ್ಕೊಳ್ಳುತ್ತೆ, ಇಲ್ಲಾ ಅದನ್ನ ಹಿಡಿದಿರೋ ಬ್ರ್ಯಾಕೆಟ್ ಹರಿಯುತ್ತೆ. ಚಾಸಿ ಜಾಕ್ ಮೇಲಿಟ್ಟು ಹೌಸಿಂಗ್ ಪೂರ್ತಿ ನೇತಾಡೋಕೆ ಬಿಟ್ಟು ನೋಡಿ, ಶಾಕ್ ಇನ್ನೂ ಒಂದಿಂಚಾದ್ರೂ ಉಳಿದಿರ್ಬೇಕು. ಅದೇ ಹೊತ್ತಲ್ಲಿ ಬ್ರೇಕ್ ಹೋಸ್ ನೋಡಿ, ತಂತಿ ಥರ ಬಿಗಿದುಕೊಂಡಿದ್ರೆ ಅದನ್ನ ಹಿಡಿದಿರೋ ಕ್ಲಿಪ್ಪನ್ನ ಕೆಳಗೆ ಇಳ್ಸ್ಬೇಕು, ಇಲ್ಲಾ ಉದ್ದದ ಹೋಸ್ ಹಾಕ್ಸ್ಬೇಕು. ಹ್ಯಾಂಡ್‌ಬ್ರೇಕ್ ಕೇಬಲ್ಲೂ ಅಷ್ಟೇ. ಶಾಫ್ಟ್ ಕೋನ ಜಾಸ್ತಿ ಆಗಿ 50-60ರ ಮೇಲೆ ಗಾಡಿ ನಡುಗ್ತಾ ಇದ್ರೆ ಹೌಸಿಂಗ್ ಮೂತಿ ಸ್ವಲ್ಪ ತಿರುಗ್ಸೋಕೆ ಓರೆ ಪಟ್ಟಿ ಇಡ್ತಾರೆ, ಎರಡು ತುದಿಯ ಕ್ರಾಸ್ ಜಾಯಿಂಟುಗಳ ಕೋನ ಒಂದೇ ಆದ್ರೆ ನಡುಕ ನಿಲ್ಲುತ್ತೆ.

ಎಲ್ಲಕ್ಕಿಂತ ಭಯದ್ದು ಬ್ರೇಕಿನ ಒಂದು ವಾಲ್ವು. ಪಿಕಪ್‌ಗಳಲ್ಲಿ ಹಿಂದೆ ಚಾಸಿ ಮೇಲೆ ಒಂದು ವಾಲ್ವ್ ಇರುತ್ತೆ, ಅದ್ರಿಂದ ಒಂದು ರಾಡ್ ಹೌಸಿಂಗಿಗೆ ಬಂದಿರುತ್ತೆ, ಎಲ್‌ಎಸ್‌ಪಿವಿ ಅಂತ ಹೆಸ್ರು. ಖಾಲಿ ಗಾಡೀಲಿ ಹಿಂದಿನ ಬ್ರೇಕ್ ಜೋರಾಗಿ ಹಿಡಿದ್ರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಸುತ್ತು ಹೊಡಿಯುತ್ತೆ, ಲೋಡ್ ಇದ್ದಾಗ ಹಿಂದಿನ ಬ್ರೇಕೇ ಚೆನ್ನಾಗಿ ಹಿಡೀಬೇಕು. ಲೋಡ್ ಇದೆಯೋ ಇಲ್ವೋ ಅಂತ ವಾಲ್ವಿಗೆ ಗೊತ್ತಾಗೋದು ಆ ರಾಡಿಂದ, ಚಾಸಿ ಕೆಳಗೆ ಕುಸಿದು ಹೌಸಿಂಗಿಗೆ ಹತ್ರ ಬಂದ್ರೆ ಓಹೋ ಲೋಡ್ ಇದೆ ಅಂತ ಹಿಂದಕ್ಕೆ ಜಾಸ್ತಿ ಒತ್ತಡ ಬಿಡುತ್ತೆ. ಈಗ ಗಾಡಿ ಎತ್ತಿದ್ರೆ ಏನಾಗುತ್ತೆ? ಮೂವತ್ತು ಮೂಟೆ ಹಾಕಿದ್ರೂ ಅದಕ್ಕೆ ಗಾಡಿ ಖಾಲಿ ಇದ್ದ ಹಾಗೇ ಕಾಣುತ್ತೆ.

ನನ್ನ ಗಾಡೀಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ರು. ಬ್ಲಾಕ್ ಹಾಕಿದ ಮೇಲೆ ರಾಡ್ ಉದ್ದ ಸಾಕಾಗ್ಲಿಲ್ಲ ಅಂತ ಅದನ್ನ ಕಳಚಿ ಚಾಸಿಗೆ ಬೈಂಡಿಂಗ್ ವೈರಲ್ಲಿ ಕಟ್ಟಿ ಹಾಕಿದ್ರು, ನಂಗೆ ಹೇಳೂ ಇಲ್ಲ. ಜನವರೀಲಿ ಸುಳ್ಯ ಕಡೆಗೆ ಲೋಡ್ ಹಾಕ್ಕೊಂಡು ಸಂಪಾಜೆ ಘಾಟಿ ಇಳೀತಿದ್ದೆ, ನಾಲ್ಕೈದು ತಿರುವು ಆದ್ಮೇಲೆ ಬ್ರೇಕ್ ಒತ್ತಿದ್ರೆ ಪೆಡಲ್ ಗಟ್ಟಿ ಇದೆ ಆದ್ರೆ ಗಾಡಿ ನಿಲ್ತಾ ಇಲ್ಲ, ಸುಟ್ಟ ವಾಸನೆ. ಕೆಲ್ಸ ಎಲ್ಲ ಮುಂದಿನ ಎರಡು ಬ್ರೇಕೇ ಮಾಡಿ ಮಾಡಿ ಕಾದುಹೋಗಿತ್ತು. ಎರಡನೇ ಗೇರಿಗೆ ಹಾಕಿ, ಗುಡ್ಡದ ಕಡೆ ಚರಂಡಿಗೆ ಚಕ್ರ ಇಳಿಸಿ ನಿಲ್ಸ್ದೆ. ಒಂದು ಗಂಟೆ ಅಲ್ಲೇ ಕೂತಿದ್ದೆ, ಕೈ ನಡುಗ್ತಾ ಇತ್ತು. ಮೇಸ್ತ್ರಿ ಹತ್ರ ಹೋಗಿದ್ದು ಅದ್ರ ಮುಂದಿನ ವಾರ. ಅವ್ರು ರಾಡ್ ವಾಪಸ್ ಹಾಕಿ, ವಾಲ್ವ್ ಕೂತಿರೋ ಬ್ರ್ಯಾಕೆಟನ್ನ ಗಾಡಿ ಕಂಪನಿ ಎತ್ತರಕ್ಕಿಂತ ಎಷ್ಟು ಜಾಸ್ತಿ ಎದ್ದಿದೆಯೋ ಅಷ್ಟೇ ಕೆಳಗೆ ಇಳ್ಸಿ ಕೂರ್ಸಿದ್ರು. ಇಷ್ಟೇ ಕೆಲ್ಸ, ಅರ್ಧ ಗಂಟೆ.

ಗಾಡಿ ಎತ್ತಿದ್ರೆ ಮಗುಚಿಕೊಳ್ಳುತ್ತೆ ಅಂತ ಹೆದರ್ಸ್ತಾರಲ್ಲ, ಅದ್ರ ಲೆಕ್ಕ ನೋಡಿ. ಎಡಬಲ ಚಕ್ರದ ನಡುವೆ 140 ಸೆಂ.ಮೀ, ಗಾಡಿ ಭಾರದ ಕೇಂದ್ರ ನೆಲದಿಂದ 75 ಸೆಂ.ಮೀ ಅಂತ ಹಿಡ್ಕೊಂಡ್ರೆ, ನಿಂತ ಗಾಡಿ ಸುಮಾರು 43 ಡಿಗ್ರಿ ವಾಲೋವರೆಗೂ ಮಗುಚಲ್ಲ. ಕೇಂದ್ರ 5 ಸೆಂ.ಮೀ ಮೇಲೆ ಹೋದ್ರೆ 41. ದೊಡ್ಡ ವ್ಯತ್ಯಾಸ ಏನಲ್ಲ. ಅದೇ ಗಾಡಿಗೆ ಮೂಟೆ ಮೇಲೆ ಮೂಟೆ ಪೇರಿಸಿ ಕೇಂದ್ರ 95ಕ್ಕೆ ಹೋಯ್ತು ಅನ್ಕೊಳ್ಳಿ, 36ಕ್ಕೆ ಇಳಿಯುತ್ತೆ. ಇದು ಸ್ಪ್ರಿಂಗು ಟೈರು ಒಂದು ಚೂರೂ ಬಗ್ಗಲ್ಲ ಅನ್ನೋ ಪುಸ್ತಕದ ಲೆಕ್ಕ, ತಿರುವಲ್ಲಿ ಓಡ್ತಿರೋ ಗಾಡಿ ಇದಕ್ಕಿಂತ ಎಷ್ಟೋ ಮೊದ್ಲೇ ಹೋಗುತ್ತೆ. ಅಂದ್ರೆ ಎರಡಿಂಚು ಲಿಫ್ಟಿಗಿಂತ ನಾವು ಲೋಡ್ ಪೇರಿಸೋ ರೀತಿನೇ ಜಾಸ್ತಿ ಅಪಾಯ. ನಾಲ್ಕಿಂಚು ಎತ್ತಿ ಮೇಲೆ ಲೋಡೂ ಪೇರ್ಸ್ತೀನಿ ಅಂದ್ರೆ ನಮಸ್ಕಾರ.

ಕಾನೂನು ವಿಷ್ಯ ನುಂಗೋ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ಹೊಂದಿಕೆ ಆಗ್ದೇ ಇರೋ ಹಂಗೆ ಗಾಡಿ ಬದಲಾಯ್ಸೋ ಹಾಗಿಲ್ಲ, ಸುಪ್ರೀಂ ಕೋರ್ಟ್ ಕೂಡ 2019ರ ಜನವರೀಲಿ ಅದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡೀಲಿ ಸೇರಿದ 182ಎ ಪ್ರಕಾರ ಅನುಮತಿ ಇಲ್ದೆ ಮಾಡ್ಸಿದ ಒಂದೊಂದು ಬದಲಾವಣೆಗೂ 5,000 ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಬ್ಲಾಕು, ವೆಲ್ಡ್ ಮಾಡಿದ ಶ್ಯಾಕಲ್ಲು ಇಟ್ಕೊಂಡು ಹಳದಿ ಬೋರ್ಡ್ ಗಾಡಿ ಎಫ್‌ಸಿಗೆ ಅಂದ್ರೆ ಫಿಟ್‌ನೆಸ್ ಪರೀಕ್ಷೆಗೆ ಹೋದ್ರೆ ಏನು ಕಥೆ ಅಂತ ನೀವೇ ಊಹಿಸ್ಕೊಳ್ಳಿ, ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸಿನವ್ರು ಮೊದ್ಲು ಹುಡುಕೋದೂ ಇಂಥಾದ್ದನ್ನೇ. ಕುಸಿದ ಪ್ಲೇಟ್ ರಿಪೇರಿ ಮಾಡ್ಸೋದು ರಿಪೇರಿ. ಟೈರಲ್ಲೂ ಓನರ್ ಮ್ಯಾನುಯಲ್ಲಿನಲ್ಲಿ ನಿಮ್ಮ ಮಾಡೆಲ್ಲಿಗೆ ಬರ್ದಿರೋ ಸೈಜುಗಳಲ್ಲೇ ದೊಡ್ಡದು ಯಾವ್ದಿದೆ ನೋಡಿ, ನನ್ನ ಪುಸ್ತಕದಲ್ಲಿ 235 ಇತ್ತು, ಅದಕ್ಕೇ ಅದನ್ನೇ ಹಾಕಿದ್ದು.

ನನ್ನ ಬಿಲ್ ಹೇಳ್ಬಿಡ್ತೀನಿ. ಎರಡೂ ಕಡೆ ಪ್ಲೇಟ್ ಕ್ಯಾಂಬರ್ ಮತ್ತೆ ಒಂದು ಹೊಸ ಮೇನ್ ಪ್ಲೇಟಿಗೆ 8,200. ಬುಷ್, ಪಿನ್ನು, ಕಂಪನಿ ಅಳತೆಯ ಶ್ಯಾಕಲ್ಲು, ಹೊಸ ಯು ಬೋಲ್ಟು 3,150. ಹಳೇ ಯು ಬೋಲ್ಟ್ ಮತ್ತೆ ಹಾಕಿಸ್ಬೇಡಿ, ಒಂದ್ಸಲ ಎಳೆದು ಬಿಗಿದಿದ್ದು ಮತ್ತೆ ಅದೇ ಬಿಗಿ ಹಿಡಿಯಲ್ಲ. ಹಿಂದಿನ ಎರಡು ಶಾಕಿಗೆ 3,800, ಬ್ರ್ಯಾಕೆಟ್ ಕೆಲ್ಸ 600, ಅಲೈನ್‌ಮೆಂಟ್ 900, ಕೂಲಿ 3,500. ಒಟ್ಟು 20,150. ಹಿಂದೆ ಎರಡೂ ಕಡೆ 520ಕ್ಕೆ ಬಂತು, ಮುಂದೆ ಬರೀ 25 ಮಿ.ಮೀ ಎತ್ತಿದ್ವಿ. ಖಾಲಿ ಇದ್ದಾಗ ಹಿಂದೆ ಸ್ವಲ್ಪ ಎತ್ತರ ಇರೋದು ಕಂಪನಿನೇ ಮಾಡಿರೋದು, ಲೋಡ್ ಬಿದ್ದಾಗ ಸಮ ಆಗ್ಲಿ ಅಂತ, ಅದನ್ನ ಮಟ್ಟ ಮಾಡೋಕೆ ಹೋಗ್ಬೇಡಿ. 500 ಕಿಲೋಮೀಟರ್ ಓಡ್ಸಿ ಹೋದಾಗ ಯು ಬೋಲ್ಟ್ ನಟ್ಟು ಅರ್ಧ ಸುತ್ತು ತಿರುಗ್ತು. ಹೆಡ್‌ಲೈಟನ್ನೂ ಅವತ್ತೇ ಗೋಡೆ ಮುಂದೆ ನಿಲ್ಸಿ ಕೆಳಗೆ ಮಾಡ್ಸಿದೆ, ಮೂಗು ಎದ್ದ ಗಾಡಿ ಮಂಜಲ್ಲಿ ಎದುರಿನವನ ಕಣ್ಣಿಗೇ ಹೊಡಿಯುತ್ತೆ, ನಮ್ಗೂ ಬಿಳೀ ಗೋಡೆ ಬಿಟ್ರೆ ಏನೂ ಕಾಣಲ್ಲ. ಟೈರ್ ಮಾತ್ರ ಮುಂದಿನ ವರ್ಷ ಕಾಫಿ ದುಡ್ಡು ಬಂದ್ಮೇಲೆ ಹಾಕಿದ್ದು, ಅದು ಬೇರೆ ಲೆಕ್ಕ, ದಪ್ಪ ಗುಬಟು ಇರೋ ಬಟನ್ ಟೈರ್ ಬೇಡ ಅಂತ ಅರ್ಧ ಮಣ್ಣು ಅರ್ಧ ಟಾರಿಗೆ ಆಗೋ ಥರದ್ದು ತಗೊಂಡೆ.

ಹೋದ ಮಳೇಲಿ ಹೆಂಗಿತ್ತು ಅಂದ್ರೆ, ಮೋರಿ ಹತ್ರ ಬಂಪರ್ ತಾಗ್ಲಿಲ್ಲ, ಫುಟ್‌ಬೋರ್ಡ್ ತಾಗ್ಲಿಲ್ಲ, ಕೆಸರಲ್ಲಿ ಹೊಸ ಟೈರ್ ಚೆನ್ನಾಗಿ ಕಚ್ಕೊಂಡು ಹೋಯ್ತು. ಆದ್ರೆ ಲೈನ್ ಮನೆ ಮೇಲಿನ ತಿರುವಲ್ಲಿ ಹೌಸಿಂಗ್ ಮತ್ತೆ ಅದೇ ಏರಿಗೆ ಉಜ್ತು, 15 ಮಿ.ಮೀ ಸಾಕಾಗ್ಲಿಲ್ಲ. ಅವತ್ತು ತೋಟದ ಲೆಕ್ಕ ಬರಿಯೋ ರೈಟರು ಗಾಡಿಯಿಂದ ಇಳಿದು ನೋಡಿ, "ಅಣ್ಣ, ಈ ಏರಿನೇ ಕಡ್ದುಬಿಟ್ರೆ ಆಗಲ್ವಾ?" ಅಂದ. ಮಳೆ ಬಿಟ್ಟ ಮೇಲೆ ಇಬ್ರು ಆಳು ಎರಡು ಗುದ್ದಲಿ ಹಿಡಿದು ಅರ್ಧ ದಿನದಲ್ಲಿ ಆ ಇಪ್ಪತ್ತು ಮಾರು ಏರಿ ಕಡ್ದು ಮಣ್ಣನ್ನ ಜಾಡಿಗೇ ತುಂಬಿ ದಮ್ಮಸ್ಸು ಮಾಡಿದ್ರು.